ಬೇಲಿ ಬದಿಯ ಜಗಳ

ಆಗಸ್ಟ್ 5, 2023. ಶನಿವಾರ, ಸಂಜೆ

ಮ್ಯಾಚ್ ಮುಗಿಸಿ ಈಗ ಬಂದೆ. 0–2. ಗಂಟಲು ಹೋಗಿದೆ. ತಂಡಕ್ಕಾಗಿ ಕೂಗಿ ಅಲ್ಲ, ಜೇಸನ್ ಜೊತೆ ಜಗಳಾಡಿ.

ಅದೇ ಜಾಗ. ಬೇಲಿ ಬದಿ, ಫ್ಲಡ್‌ಲೈಟ್ ಕಂಬದ ಬುಡ. ನ್ಯೂರೆಂಬರ್ಗ್‌ಗೆ ಬಂದ ಹೊಸದರಲ್ಲಿ, ಜರ್ಮನಿಯ ಕೆಲಸದ ವೀಸಾಕ್ಕೆ, ಬ್ಲೂ ಕಾರ್ಡ್ ಕ್ಯೂನಲ್ಲಿ ಸಿಕ್ಕವನು ಇವನು. ನಾನು ಉಡುಪಿ, ಅವನು ಬಜ್ಪೆ. ಟೋಕನ್ ನಂಬರ್ ಬರುವುದರೊಳಗೆ ಕೇಳಿದ್ದ: ‘ಫುಟ್‌ಬಾಲ್ ನೋಡ್ತೀಯಾ?’ ದೊಡ್ಡ ಕ್ಲಬ್ಬಿನ ಟಿಕೆಟ್ ಸಿಗಲಿಲ್ಲ. ಈ ನಾಲ್ಕನೇ ದರ್ಜೆಯ ಪೆಗ್ನಿಟ್ಸ್‌ಟಾಲ್‌ಗೆ ಬಂದು ಅಂಟಿಕೊಂಡೆವು. ಆರು ವರ್ಷ ಆಯಿತು. ಈಗ ಆಫೀಸೂ ಒಂದೇ.

ಬನ್ನಿನ ಪದ್ಧತಿಯೂ ಅದೇ. ಇಲ್ಲಿಯವರು ವೆಗ್ಲಾ ಅನ್ನುತ್ತಾರೆ — ಬನ್ನು, ಒಳಗೆ ಬೆರಳುದ್ದದ ಮೂರು ಸಾಸೇಜ್. ಇಬ್ಬರಿಗೂ ಒಂದೊಂದು. ನನ್ನ ಮೂರೂ ಅವನ ಬನ್ನಿಗೆ. ನನಗೆ ಉಳಿದದ್ದು ಸಾಸೇಜಿನ ಜಿಡ್ಡು ಹತ್ತಿದ ಬನ್ನು, ಸಾಸಿವೆ. ‘ಸಸ್ಯಾಹಾರಿ ಅಂತೆ, ಸಸ್ಯಾಹಾರಿ! ನಿನ್ನ ಅಮ್ಮನಿಗೆ ಫೋನ್ ಮಾಡ್ತೇನೆ’ ಅಂತ ಪ್ರತಿ ಸಲ ಹೆದರಿಸುತ್ತಾನೆ. ಪ್ರತಿ ಸಲ ನಗುತ್ತೇನೆ.

ಇವತ್ತಿನ ಜಗಳ — ಹೊಸ ಕೋಚ್. ಹಿಂದಿನವನ ಕಾಲದಲ್ಲಿ ಒಂದೇ ಮಂತ್ರ, ಲಾಂಗ್ ಬಾಲ್: ಚೆಂಡನ್ನು ಎತ್ತಿ ಮುಂದೆ ಬಿಸಾಡು, ಬ್ರುನ್ನರ್ ಇದ್ದಾನೆ, ತಲೆ ಕೊಡುತ್ತಾನೆ. ಬ್ರುನ್ನರ್ ನಮ್ಮ ಕ್ಯಾಪ್ಟನ್. ತೆಂಗಿನ ಮರದಂಥ ಆಳು. ಜೇಸನ್‌ಗೆ ದೇವರು. ಹೊಸ ಕೋಚ್‌ಗೆ ಎಲ್ಲ ನೆಲದ ಮೇಲೇ ಆಗಬೇಕು. ಗೋಲ್‌ಕೀಪರ್ ಕೂಡ ಪಾಸ್ ಕೊಡಬೇಕು. ನನಗೆ ಇದು ಇಷ್ಟ. ತಲೆ ಓಡಿಸುವ ಆಟ.

‘ಎಂತ ಮಾರಾಯ ಇದು? ಅವನು ಇವನಿಗೆ ಕೊಡುದು, ಇವನು ಅವನಿಗೆ ಕೊಡುದು. ಮದುವೆ ಮನೆಯಲ್ಲಿ ಮಗು ದಾಟಿಸಿದ ಹಾಗೆ!’

‘ಕಲೀಲಿಕ್ಕೆ ಟೈಮ್ ಬೇಕು ಜೇಸನ್.’

‘ಇವರು ಕಲಿಯುವಾಗ ನಾವು ಐದನೇ ದರ್ಜೆಗೆ ಹೋಗಿ ಆಯ್ತು.’

ಪಕ್ಕದಲ್ಲಿ ನಿಲ್ಲುವ ಮುದುಕ ಲೋಥರ್‌ಗೆ ಕನ್ನಡ ಒಂದಕ್ಷರ ಬಾರದು. ಆದರೂ ಯಾರು ಯಾರ ಪರ ಅಂತ ಅವನಿಗೆ ಗೊತ್ತು. ಜೇಸನ್ ಮಾತಿಗೆ ತಲೆಯಾಡಿಸುತ್ತಾನೆ. ನನ್ನ ಮಾತಿಗೆ ಬಿಯರ್ ಕುಡಿಯುತ್ತಾನೆ.

ಆಗಸ್ಟ್ 31. ಗುರುವಾರ

ಮಾರಿಬಿಟ್ಟರು. ಬ್ರುನ್ನರ್‌ನನ್ನೇ! ಅರ್ಧ ಗಂಟೆ ದೂರದ ಆಲ್ಟ್‌ಬ್ರುಕ್ ಕ್ಲಬ್ಬಿಗೆ. ಬದಲಿಗೆ ಇಬ್ಬರು ಹುಡುಗರು ಬಂದಿದ್ದಾರೆ. ಕುಳ್ಳರು, ಕಾಲಲ್ಲಿ ಮಾತಾಡುವವರು. ಒಳಗೊಳಗೇ ಖುಷಿ.

ಕ್ಯಾಂಟೀನ್‌ನಲ್ಲಿ ಜೇಸನ್ ಎದುರು ಬಂದು ಕೂತ. ಮುಖ ಇಷ್ಟುದ್ದ.

‘ಮನೆ ಕಂಬ ಕಿತ್ತು ಸೌದೆ ಮಾಡಿದ್ರಲ್ಲ ಮಾರಾಯ.’

‘ಗೆದ್ದಲು ಹಿಡಿದ ಕಂಬ’ ಅಂದೆ.

ತಟ್ಟೆ ಎತ್ತಿಕೊಂಡು ಬೇರೆ ಟೇಬಲ್‌ಗೆ ಹೋದ. ಸಂಜೆ ವಾಟ್ಸಪ್: ‘ಒಂದಿನ ಅವನು ನಮ್ಮ ಗ್ರೌಂಡಿಗೇ ಬಂದು ನಮ್ಮ ಮೇಲೇ ಗೋಲ್ ಹೊಡೀತಾನೆ. ಹೆಡರ್. ಆ ದಿನ ನೀನು ಕಂಬದ ಹತ್ರ ನಿಂತು ನನ್ನ ಮುಖ ನೋಡಿ ಹೇಳ್ಬೇಕು — ಜೇಸನ್ ಹೇಳಿದ್ದೇ ಸರಿ.’

‘ಸತ್ತರೂ ಹೇಳುದಿಲ್ಲ’ ಅಂತ ಕಳಿಸಿದೆ. ನಗುವ ಇಮೋಜಿ ಬಂತು. ಅಂದರೆ ನಾಳೆ ಊಟಕ್ಕೆ ನನ್ನ ಟೇಬಲ್‌ಗೇ ಬರುತ್ತಾನೆ.

ಸೆಪ್ಟೆಂಬರ್ 16

ಕ್ಲಬ್‌ಹೌಸ್‌ನಲ್ಲಿ ಅಭಿಮಾನಿಗಳ ಮೀಟಿಂಗ್. ಮ್ಯಾನೇಜರ್ ಲ್ಯಾಪ್‌ಟಾಪ್ ತಂದು ಗ್ರಾಫ್ ತೋರಿಸಿದ. ಎಷ್ಟು ಪಾಸ್, ಎಷ್ಟು ಹೊತ್ತು ಚೆಂಡು ನಮ್ಮ ಕಾಲಲ್ಲಿ...

ಜೇಸನ್ ಎದ್ದ. ಅವನ ಜರ್ಮನ್ ನನ್ನದಕ್ಕಿಂತ ಎಷ್ಟೋ ಚೆಂದ. ಆದರೆ ಸಿಟ್ಟು ಬಂದರೆ ಪ್ರತಿ ವಾಕ್ಯದ ಕೊನೆಗೆ ಒಂದು ‘ಅಲ್ವಾ’ ಸೇರುತ್ತದೆ. ‘ಚೆಂಡು ಇಟ್ಟುಕೊಳ್ಳುವುದಕ್ಕೆ ನಾವೇನು ಬ್ಯಾಂಕಾ? ಗೋಲ್ ಹೊಡೆಯುವವನನ್ನು ಮಾರಿ ಗ್ರಾಫ್ ತೋರಿಸ್ತೀರಲ್ಲ, ಅಲ್ವಾ?’ ಹಾಲಿಗೆ ಹಾಲೇ ಟೇಬಲ್ ಗುದ್ದಿತು. ಹಿಂದಿನ ಸಾಲಿನವರು ‘ಅಲ್ವಾ! ಅಲ್ವಾ!’ ಅಂತ ಕೂಗಿದರು.

ನನಗೆ ಮೈಯೆಲ್ಲ ಉರಿ. ಎದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಳೆ ಆಟದಲ್ಲಿ ನಾವೇನು ಕಪ್ ಗೆದ್ದಿದ್ದೆವಾ ಅಂತ ಕೇಳಿದೆ. ಗಾದೆ ಜರ್ಮನ್‌ಗೆ ಹೋಗುವಾಗ ದಾರಿಯಲ್ಲೇ ಸತ್ತಿತು. ಯಾರೂ ಟೇಬಲ್ ಗುದ್ದಲಿಲ್ಲ. ಜೇಸನ್ ಒಬ್ಬನೇ ಚಪ್ಪಾಳೆ ತಟ್ಟಿದ, ಕಿಸಿಕಿಸಿ ನಗುತ್ತಾ.

ಹೊರಗೆ ಲೋಥರ್ ಹೇಳಿದ: ‘ನೀವಿಬ್ಬರೂ ಒಂದು ದಿನ ಒಪ್ಪಿಕೊಂಡರೆ ನಾನು ಮ್ಯಾಚಿಗೆ ಬರುವುದು ನಿಲ್ಲಿಸುತ್ತೇನೆ.’

ಅಕ್ಟೋಬರ್ 21

3–1. ಗೆದ್ದೆವು! ಕುಳ್ಳನದೇ ಎರಡು.

ಕುಣಿದಾಡಿದೆ. ಜೇಸನ್ ಬೇಲಿಗೆ ಒರಗಿಕೊಂಡೇ ಇದ್ದ. ಸೋತಿದ್ದಕ್ಕೆ ಮುನಿಸು ಅಂದುಕೊಂಡೆ — ವಾದದಲ್ಲಿ ಸೋತಿದ್ದಕ್ಕೆ. ಸಾಸೇಜ್ ಚಾಚಿದರೆ, ‘ಇವತ್ತು ಬೇಡ ಮಾರಾಯ. ಹೊಟ್ಟೆ ಸಮ ಇಲ್ಲ.’ ಅವನದನ್ನೂ ತಿನ್ನಲಿಲ್ಲ. ಎಲ್ಲ ಲೋಥರ್‌ಗೆ ಹೋಯಿತು.

ಜಾಕೆಟ್ ದೊಡ್ಡದಾಗಿ ಕಾಣುತ್ತಿತ್ತು. ಜಾಕೆಟ್ ದೊಡ್ಡದಾಗುತ್ತದಾ?

ನವೆಂಬರ್ 14. ಮಂಗಳವಾರ

ಜೇಸನ್‌ಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಇವತ್ತು ಆಪರೇಷನ್. ತೆರೆದರು, ಮುಚ್ಚಿದರು. ಲಿವರ್‌ಗೂ ಹೋಗಿದೆಯಂತೆ, ತೆಗೆಯಲಾಗುವುದಿಲ್ಲವಂತೆ.

ಕಾರಿಡಾರ್‌ನಲ್ಲಿ ಕಾಫಿ ಮಶೀನ್ ಪಕ್ಕ ಜಾಯ್ಸ್ ನಿಂತಿದ್ದರು. ಜೇಸನ್‌ನ ಹೆಂಡತಿ. ಯಾವಾಗ ಹೋದರೂ ‘ಯಾದವಣ್ಣ, ಇವರ ಬಾಯಿ ಮುಚ್ಚಿಸಿ’ ಅಂತ ನಗುವವರು. ಇವತ್ತು ಮಶೀನ್‌ಗೆ ನಾಣ್ಯ ಹಾಕುವುದು, ಅದು ಹೊರಗೆ ಬೀಳುವುದು, ಮತ್ತೆ ಹಾಕುವುದು.

‘ಅವರಿಗೆ ಗೊತ್ತಾಗುದು ಬೇಡ ಯಾದವಣ್ಣ. ಗಡ್ಡೆ ತೆಗೆದಾಯ್ತು ಅಂತಲೇ ಹೇಳುವ. ನಮ್ಮ ಪಪ್ಪನಿಗೂ ಹಾಗೇ ಮಾಡಿದ್ದು. ಕಡೆತನಕ ಗ್ಯಾಸ್ಟ್ರಿಕ್ ಅಂತಲೇ ನಂಬಿದ್ರು. ನೆಮ್ಮದಿಯಲ್ಲಿ ಹೋದ್ರು.’

‘ಡಾಕ್ಟರು?’

‘ಇವರಾಗಿ ಕೇಳಿದ್ರೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಅಂದ್ರು. ಇಲ್ಲಿ ಹಾಗೆಯಂತೆ. ಆದರೆ ಇವರು ಕೇಳುದಿಲ್ಲ. ಡಾಕ್ಟರ ಹತ್ರ ಎದುರು ಮಾತಾಡುವ ಜನ ಅಲ್ಲ ಇವರು.’

ಆಯಿತು ಅಂದೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದೇ. ನನ್ನ ದೊಡ್ಡಪ್ಪನಿಗೂ ನಾವೆಲ್ಲ ಸೇರಿ ಸುಳ್ಳು ಹೇಳಿದ್ದೆವು. ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಮನೆಗೆ ಬಂದು ಅನ್ನಕ್ಕಿಟ್ಟೆ. ತಳ ಹಿಡಿಯಿತು. ನಲವತ್ತೊಂದು ವರ್ಷ ದೇವರೇ ಅವನಿಗೆ. ನಲವತ್ತೊಂದು.

ನವೆಂಬರ್ 18

ಮ್ಯಾಚ್ 1–4. ಅರ್ಧಕ್ಕೇ ಹೊರಟು ಆಸ್ಪತ್ರೆಗೆ ಹೋದೆ. ಮೂಗಿಗೆ ನಳಿಕೆ, ಕೈಗೆ ನಳಿಕೆ. ಕಣ್ಣು ಮಾತ್ರ ಅವನದೇ.

‘ನೋಡಿದ್ಯಾ ನಿನ್ನ ಕುಳ್ಳರನ್ನು?’ ಅಂದ. ಕಾದು ಕೂತಿದ್ದನೇನೋ.

ಬಾಯಿಗೆ ಬಂದದ್ದು: ಡಿಫೆಂಡರ್ ಒಬ್ಬ ರೆಡ್ ಕಾರ್ಡ್ ತಿಂದದ್ದಕ್ಕೆ ಕುಳ್ಳರೇನು ಮಾಡುತ್ತಾರೆ? ನುಂಗಿದೆ.

‘ಹೌದು ಮಾರಾಯ. ಬ್ರುನ್ನರ್ ಇರ್ಬೇಕಿತ್ತು.’

ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಮತ್ತೆ ಕಿಟಕಿ ಕಡೆ ತಿರುಗಿದ. ಖುಷಿಯಾಗಿರಬೇಕು. ನನ್ನಿಂದ ಇಷ್ಟಾದರೂ ಆಯಿತಲ್ಲ.

ನವೆಂಬರ್ 25

ಕೋಚ್‌ಗೆ ಮಂಡೆ ಇಲ್ಲ ಅಂದ. ಹೌದು, ಇಲ್ಲ ಅಂದೆ. ಲಾಂಗ್ ಬಾಲ್ ಇಲ್ಲದೆ ಈ ದರ್ಜೆಯಲ್ಲಿ ಬದುಕಲಿಕ್ಕಿಲ್ಲ ಅಂದ. ಹೌದು ಅಂದೆ. ಗೋಲ್‌ಕೀಪರ್ ಕಾಲಲ್ಲಿ ಆಡುವುದು ಶುದ್ಧ ಪೆದ್ದುತನ ಅಂದ. ಅದಕ್ಕೂ ಹೌದು.

ಆಮೇಲೆ ಮಾತೇ ಇರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ. ಜಾಯ್ಸ್ ಸೇಬು ಹೆಚ್ಚಿ ಕೊಟ್ಟರು, ತಿಂದೆ. ಲಿಫ್ಟ್‌ನಲ್ಲಿ ಅತ್ತೆ. ನರ್ಸ್ ಒಬ್ಬಳು ಟಿಶ್ಯೂ ಕೊಟ್ಟು ಎರಡನೇ ಫ್ಲೋರ್‌ನಲ್ಲಿ ಇಳಿದು ಹೋದಳು.

ಡಿಸೆಂಬರ್ 10. ಭಾನುವಾರ

ಬರೆಯಬೇಕು. ಎಲ್ಲ ಬರೆಯಬೇಕು.

ಮನೆಗೆ ಕಳಿಸಿದ್ದಾರೆ ಅವನನ್ನು. ಬೆಳಿಗ್ಗೆ ಜಾಯ್ಸ್ ಚರ್ಚಿಗೆ ಹೋಗುವಾಗ ನನ್ನನ್ನು ಕೂರಿಸಿ ಹೋದರು. ಬಾಗಿಲು ಹಾಕಿದ ಸದ್ದು ಆಗುವುದನ್ನೇ ಕಾಯುತ್ತಿದ್ದ.

‘ಯಾದವ, ಒಂದು ಕೇಳ್ತೇನೆ. ಬ್ರುನ್ನರ್‌ನನ್ನು ಮಾರಿದ್ದು ಸರಿಯಾ ತಪ್ಪಾ?’

‘ತಪ್ಪು.’

‘ಬಾಯಿ ಮುಚ್ಚು ಬೇವರ್ಸಿ.’

ಬೆಚ್ಚಿಬಿದ್ದೆ. ದಿಂಬು ಹಿಡಿದುಕೊಂಡು ಎದ್ದು ಕೂತ. ಎದ್ದು ಕೂರುವುದಕ್ಕೇ ಎಷ್ಟು ಹೊತ್ತು...

‘ಆರು ವರ್ಷದಲ್ಲಿ ಒಂದು ಥ್ರೋ-ಇನ್‌ಗೂ ನೀನು ನನಗೆ ಹೌದು ಅಂದವನಲ್ಲ. ಆವತ್ತು ಆಸ್ಪತ್ರೆಯಲ್ಲಿ ಹೌದು ಅಂದಿಯಲ್ಲ, ಆಗ ನನಗೆ ಹೆದರಿಕೆ ಆದದ್ದು. ಡಾಕ್ಟರು ಹೇಳಿದಾಗ ಅಷ್ಟು ಆಗ್ಲಿಲ್ಲ.’

‘ಡಾಕ್ಟರು ಎಂತ ಹೇಳಿದ್ರು?’ ಅಂದೆ. ಆಗಲೂ ನಾಟಕ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

‘ಎಲ್ಲ. ಆಪರೇಷನ್‌ನ ಮಾರನೇ ದಿನ ನಾನೇ ಕೇಳಿದೆ. ಜಾಯ್ಸ್ ಸ್ನಾನಕ್ಕೆ ಮನೆಗೆ ಹೋಗಿದ್ಳು. ಆ ಡಾಕ್ಟರಮ್ಮ ಕುರ್ಚಿ ಎಳ್ಕೊಂಡು ಕೂತು, ಕೈ ಹಿಡ್ಕೊಂಡು ಹೇಳಿದ್ರು. ಬೇಸಿಗೆ ನೋಡ್ಲಿಕ್ಕೆ ಸಿಗ್ಲಿಕ್ಕಿಲ್ಲ.’

ಹೀಟರ್ ಟಕ್‌ಟಕ್ ಅನ್ನುತ್ತಿತ್ತು.

‘ಜಾಯ್ಸ್‌ಗೆ ಹೇಳ್ಬೇಡ’ ಅಂದ. ‘ನನಗೆ ಗೊತ್ತಿಲ್ಲ ಅಂತಲೇ ಅವಳಿಗೆ ಧೈರ್ಯ. ಆದರೆ ನೀನು... ಈಗ ಎಲ್ಲರೂ ನನಗೆ ಹೌದು ಹೌದು ಅಂತಾರೆ. ಕಿಟಕಿ ತೆಗೀಲಾ ಅಂದ್ರೆ ಹೌದು, ಮುಚ್ಚಲಾ ಅಂದ್ರೂ ಹೌದು. ಆಫೀಸಿಂದ ಬಾಸ್ ಬಂದು ನಾನು ಹೇಳಿದ ಡಿಸೈನೇ ಸರಿ ಇತ್ತು ಅಂದ. ಅಲ್ಲಿಗೆ ಮುಗೀತು ಅಂತ ಲೆಕ್ಕ. ನೀನಾದ್ರೂ ಇಲ್ಲ ಅನ್ನು ಮಾರಾಯ. ನೀನು ಇಲ್ಲ ಅಂದ್ರೆ ಮಾತ್ರ ನಾನಿನ್ನೂ ಇದ್ದೇನೆ ಅನಿಸ್ತದೆ.’

ಕಣ್ಣು ಒರೆಸಿಕೊಂಡೆ. ಮೂಗು ಸೀಟಿದೆ. ಆಮೇಲೆ ಅಂದೆ: ‘ನಿನ್ನ ಬ್ರುನ್ನರ್‌ಗೆ ಓಡ್ಲಿಕ್ಕೇ ಆಗುದಿಲ್ಲ. ಬಸ್ಸಿಗೆ ಕಾಯುವವನ ಹಾಗೆ ನಿಲ್ತಾನೆ. ಮಾರಿದ್ದು ನೂರಕ್ಕೆ ನೂರು ಸರಿ.’

‘ಹಾಂ! ನಿಲ್ತಾನೆ, ಯಾಕೆ ಅಂದ್ರೆ ಚೆಂಡು ಎಲ್ಲಿ ಬರ್ತದೆ ಅಂತ ಅವನಿಗೆ ಗೊತ್ತುಂಟು!’

ಶುರುವಾಯಿತು. ಅವನ ಕೆನ್ನೆಗೆ ಬಣ್ಣ ಬಂತು, ಸತ್ಯವಾಗಿ. ಜಾಯ್ಸ್ ಬಂದಾಗ ನಾವಿಬ್ಬರೂ ಕಿರುಚುತ್ತಿದ್ದೆವು. ಕೋಟು ತೆಗೆಯದೆ ಬಾಗಿಲಲ್ಲೇ ನಿಂತು ಬೈದರು: ‘ಎಂತ ಯಾದವಣ್ಣ, ಹುಷಾರಿಲ್ಲದವರ ಹತ್ರ ಜಗಳವಾ?’

ಅವರ ಹಿಂದುಗಡೆಯಿಂದ ಜೇಸನ್ ನನಗೆ ಕಣ್ಣು ಹೊಡೆದ.

ಜನವರಿ 6, 2024

ಚಳಿಗಾಲದ ಟ್ರಾನ್ಸ್‌ಫರ್. ಇನ್ನೂ ಒಬ್ಬ ಮಿಡ್‌ಫೀಲ್ಡರ್ ತಂದಿದ್ದಾರೆ. ‘ಇನ್ನೊಬ್ಬ ಕುಳ್ಳ! ಇವರೇನು ಕಿಂಡರ್‌ಗಾರ್ಟನ್ ನಡೆಸ್ತಾರಾ?’ ಅಂತ ಜೇಸನ್. ಮುಂಚೆ ಜೋರಾಗಿ ಹೇಳುತ್ತಿದ್ದ. ಈಗ ಹೇಳಿ, ಉಸಿರು ತೆಗೆದುಕೊಂಡು, ಉಳಿದರ್ಧ ಹೇಳುತ್ತಾನೆ. ಕಾಯುತ್ತೇನೆ. ಕಾದು, ಆಮೇಲೆ ಇಲ್ಲ ಅನ್ನುತ್ತೇನೆ.

ಇವತ್ತು ಬೇರೆ ಜಗಳವೂ ಆಯಿತು. ನಿಜವಾದದ್ದು. ಜಾಯ್ಸ್ ಬಾತ್‌ರೂಮಲ್ಲಿ ನಲ್ಲಿ ಬಿಟ್ಟಿದ್ದರು. ಬಹಳ ಹೊತ್ತು. ಇಬ್ಬರಿಗೂ ಕೇಳುತ್ತಿತ್ತು. ಅವನು ಗೋಡೆ ಕಡೆ ತಿರುಗಿದ.

ತಡೆಯಲಾಗಲಿಲ್ಲ. ‘ನಿನಗೆ ಜಗಳಕ್ಕೆ ನಾನು ಬೇಕು. ಅವರಿಗೆ ಅಳ್ಲಿಕ್ಕೆ ನೀನು ಬೇಡವಾ? ಅವರು ನಲ್ಲಿ ಬಿಟ್ಟು ಅಳುದು, ನೀನು ಗೋಡೆ ನೋಡಿ ಅಳುದು. ಕುಳ್ಳರು ಪಾಸ್ ಹಿಂದೆ ಕೊಟ್ರೆ ಬೈತೀಯಲ್ಲ, ನೀನು ಮಾಡುದು ಎಂತ?’

‘ನಿನಗೆ ಮದುವೆ ಆಗ್ಲಿಲ್ಲ. ನಿನಗೆ ಗೊತ್ತಾಗುದಿಲ್ಲ. ಹೋಗು ಮನೆಗೆ.’

ಬಂದೆ. ಸಾಯುವವನಿಗೆ ಹೀಗೆ ಹೇಳುವವನು ಮನುಷ್ಯನಾ?

ಜನವರಿ 8

ಜಾಯ್ಸ್ ಫೋನ್. ‘ನಿನ್ನೆ ಎಲ್ಲ ಮಾತಾಡಿದೆವು ಯಾದವಣ್ಣ. ಅವರಿಗೆ ಮೊದಲೇ ಗೊತ್ತಿತ್ತಂತೆ! ಹೊಡೆದೇ ಬಿಡುವ ಅನ್ನುವಷ್ಟು ಸಿಟ್ಟು ಬಂತು ನನಗೆ.’ ನಗುತ್ತಿದ್ದರಾ, ಅಳುತ್ತಿದ್ದರಾ, ತಿಳಿಯಲಿಲ್ಲ. ‘ರಾತ್ರಿ ಇಬ್ಬರೂ ಒಂದೇ ದಿಂಬಲ್ಲಿ ಮಲಗಿದೆವು. ಸುಮಾರು ದಿನ ಆಗಿತ್ತು.’ ಆಮೇಲೆ — ‘ನಾಳೆ ಬನ್ನಿ. ನಿಮ್ಮನ್ನು ಬೈಲಿಕ್ಕೆ ಉಂಟಂತೆ ಅವರಿಗೆ.’

ಫೆಬ್ರವರಿ 20

ಪ್ಯಾಲಿಯೇಟಿವ್ ವಾರ್ಡ್, ಕೊನೆಯ ದಿನಗಳದ್ದು. ಕಿಟಕಿಯಿಂದ ಒಂದು ಬೋಳು ಮರ. ಮಾರ್ಫಿನ್.

ಮಾತು ಕಡಿಮೆ. ನಾನೇ ಎರಡೂ ಕಡೆಯ ವಾದ ಮಾಡುತ್ತೇನೆ. ಅವನ ಪಾಯಿಂಟ್ ತಪ್ಪಾಗಿ ಹೇಳಿದರೆ ಬೆರಳು ಎತ್ತುತ್ತಾನೆ.

ಮಾರ್ಚ್ 2. ಶನಿವಾರ

ಚಳಿಗಾಲದ ರಜೆ ಮುಗಿದು ಮೊದಲ ಹೋಮ್ ಮ್ಯಾಚ್. ಹೋಗುವುದಿಲ್ಲ ಅಂದಿದ್ದೆ. ನಿನ್ನೆ ಅವನದೇ ಹಠ: ‘ಹೋಗು. ಫೋನಲ್ಲಿ ವೀಕ್ಷಕ ವಿವರಣೆ ಕೊಡು.’

ಊರಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್‌ಗಳಿಗೆ ಮೈಕ್ ಹಿಡಿಯುತ್ತಿದ್ದವನು ನಾನು. ಅದನ್ನು ಹೇಳಿಕೊಂಡಾಗೆಲ್ಲ ಲೇವಡಿ ಮಾಡಿದ್ದಾನೆ. ಇವತ್ತು ಅದೇ ಬೇಕಂತೆ.

ಕಂಬದ ಬುಡದಲ್ಲಿ ನಿಂತು ಶುರುಮಾಡಿದೆ. ‘ಆತ್ಮೀಯ ಕ್ರೀಡಾಭಿಮಾನಿಗಳೇ! ಪೆಗ್ನಿಟ್ಸ್ ನದಿಯ ತಟದಲ್ಲಿ, ಸೂರ್ಯದೇವರ ಗೈರುಹಾಜರಿಯಲ್ಲಿ, ಜಿದ್ದಾಜಿದ್ದಿನ ಹಣಾಹಣಿ...’ ಆ ಕಡೆ ಜಾಯ್ಸ್ ನಗು ಕೇಳಿಸಿತು. ಸುತ್ತ ಜರ್ಮನ್ನರೆಲ್ಲ ತಿರುಗಿ ನೋಡಿದರು. ಲೋಥರ್ ಅವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವನಿಗೆ ಯಾರಿಗೆ ಫೋನ್ ಅಂತ ಗೊತ್ತು.

ಮೊದಲರ್ಧ ಏನಿಲ್ಲ. ಸುಳ್ಳೇ ಒಂದು ಗೋಲ್ ಹೊಡೆಸಲಾ, ಉದ್ದದ ಚೆಂಡು, ತಲೆಯಿಂದ — ಅಂತ ಒಂದು ಕ್ಷಣ ಅನಿಸಿತು. ಇಲ್ಲ. ಸುಳ್ಳು ಇಲ್ಲ ಅಂತ ಆಗಿದೆ ನಮ್ಮಲ್ಲಿ.

ಎರಡನೇ ಅರ್ಧ. ಗೋಲ್‌ಕೀಪರ್‌ನಿಂದ ಶುರು. ಎಡಕ್ಕೆ, ನಡುವೆ, ಮತ್ತೆ ಹಿಂದೆ, ಬಲಕ್ಕೆ... ಚೆಂಡು ನೆಲ ಬಿಡಲಿಲ್ಲ. ಎದುರಾಳಿಗೆ ಮುಟ್ಟಲಿಕ್ಕೂ ಸಿಗಲಿಲ್ಲ. ಕುಳ್ಳ ಒಳಗೆ ನುಗ್ಗಿದ, ಗೋಲ್! ಇಂಥದ್ದಕ್ಕೇ ನಾನು ಆರು ತಿಂಗಳು ಬಾಯಿ ಬಡಿದುಕೊಂಡದ್ದು.

‘ಕೇಳಿದ್ಯಾ ಜೇಸನ್? ಒಂದು ಲಾಂಗ್ ಬಾಲ್ ಇಲ್ಲ! ಒಪ್ಕೋ ಈಗ! ತಪ್ಪು ಅಂತ ಒಪ್ಕೋ!’

ಆ ಕಡೆ ಸದ್ದಿಲ್ಲ. ಉಸಿರು ಮಾತ್ರ. ಎಳೆದು ಎಳೆದು.

‘ತಡೀರಿ ಯಾದವಣ್ಣ, ಎಂತದೋ ಹೇಳ್ತಾ ಇದ್ದಾರೆ...’

ಕಾದೆ. ಮೈದಾನದಲ್ಲಿ ಆಟ ಮತ್ತೆ ಶುರುವಾಗಿತ್ತು.

‘ಆಫ್‌ಸೈಡ್.’

‘ಎಂಥ ಆಫ್‌ಸೈಡ್! ನೀನು ನೋಡಿದ್ಯಾ?’

‘ಇಲ್ಲಿಂದ... ಕಾಣ್ತದೆ.’

ಮಾರ್ಚ್ 5. ಮಂಗಳವಾರ

ಬೆಳಿಗ್ಗೆ ಹೋದ.

ನಾನು ಆಫೀಸಲ್ಲಿದ್ದೆ.

ಮಾರ್ಚ್ 13

ಊರಿಗೆ ಕಳಿಸಿದೆವು. ಮಣ್ಣು ಅಲ್ಲೇ ಆಗಬೇಕು ಅಂತ ಅವನ ಮನೆಯವರು. ಜಾಯ್ಸ್ ಕೂಡ ಹೋದರು. ವಾಪಸ್ ಬರುವುದಿಲ್ಲವಂತೆ. ಏರ್‌ಪೋರ್ಟಲ್ಲಿ ಅವನ ತಂಡದ ಸ್ಕಾರ್ಫ್ ನನ್ನ ಕೈಗಿಟ್ಟರು. ‘ಅಲ್ಲಿ ಸೆಖೆಗೆ ಇದು ಯಾರಿಗೆ ಬೇಕು ಯಾದವಣ್ಣ’ ಅಂದರು. ಅಷ್ಟು ಹೇಳಿ ನಿಂತೇ ಇದ್ದರು.

ಸಮಾಧಿಗೆ ಹೂ ಇಡುವ ಅಂದರೆ ಸಮಾಧಿಯೂ ಇಲ್ಲಿಲ್ಲ. ಈ ದೇಶದಲ್ಲಿ ಅವನದು ಅಂತ ಉಳಿದದ್ದು ಆ ಫ್ಲಡ್‌ಲೈಟ್ ಕಂಬ ಒಂದೇ.

ಏಪ್ರಿಲ್ 13. ಶನಿವಾರ, ಸಂಜೆ

ಆಲ್ಟ್‌ಬ್ರುಕ್ ಬಂದಿತ್ತು. ನಮ್ಮ ಗ್ರೌಂಡಿಗೆ.

ಹೋಗಬಾರದು ಅಂತಲೇ ಇದ್ದೆ. ಮೂರು ಮ್ಯಾಚ್ ಹೋಗಲಿಲ್ಲ. ಇವತ್ತು ಕಾಲು ತಾನಾಗಿ ಹೋಯಿತು. ಕೌಂಟರಲ್ಲಿ ಕೈ ತಾನಾಗಿ ಎರಡು ಬೆರಳು ತೋರಿಸಿತು. ಎರಡು ವೆಗ್ಲಾ. ನನ್ನದರಿಂದ ಮೂರು ತೆಗೆದು ಅವನದಕ್ಕೆ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು. ಆರು ಸಾಸೇಜ್ ತುರುಕಿದ ಬನ್ನು ಹಿಡಿದುಕೊಂಡು ಮಕ್ಕಳ ಹಾಗೆ ನಿಂತೆ. ಲೋಥರ್ ಮೆಲ್ಲಗೆ ಕೈಯಿಂದ ತೆಗೆದುಕೊಂಡ. ತಿನ್ನಲಿಲ್ಲ. ಬೇಲಿಯ ಮೇಲೆ, ಜೇಸನ್ ಮೊಣಕೈ ಊರುತ್ತಿದ್ದ ಕಡೆ ಇಟ್ಟ.

1–1 ಇತ್ತು. ನಮ್ಮವರು ಚೆಂದ ಆಡುತ್ತಿದ್ದರು. ಪಾಸ್, ಪಾಸ್, ಪಾಸ್. ಬ್ರುನ್ನರ್ ಇಡೀ ಮ್ಯಾಚ್ ಬಸ್ಸಿಗೆ ಕಾದವನ ಹಾಗೆ ನಿಂತಿದ್ದ. ಇನ್ನೇನು ಮುಗಿಯಿತು ಅನ್ನುವಾಗ ಅವರ ಡಿಫೆಂಡರ್ ಒಬ್ಬ ಕಣ್ಣು ಮುಚ್ಚಿ ಎತ್ತಿ ಬಿಸಾಡಿದ. ನಮ್ಮವರೆಲ್ಲ ತಲೆಯೆತ್ತಿ ನೋಡಿದರು. ಬ್ರುನ್ನರ್ ಎರಡು ಹೆಜ್ಜೆ ಹಿಂದೆ ಸರಿದ. ಚೆಂಡು ಎಲ್ಲಿ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು. ಹೆಡರ್.

ಅವನು ಸಂಭ್ರಮಿಸಲಿಲ್ಲ. ನಮ್ಮ ಕಡೆ ತಿರುಗಿ ಎರಡೂ ಕೈ ಎತ್ತಿ ಕ್ಷಮೆ ಕೇಳಿದ.

ಲೋಥರ್ ನನ್ನ ಮುಖ ನೋಡಿದ. ಅವನಿಗೂ ನೆನಪಿತ್ತು, ಬ್ರುನ್ನರ್ ಹೆಡರ್ ಹೊಡೆಯುತ್ತಾನೆ ಅಂದ ಆ ವಾಟ್ಸಪ್ಪನ್ನು ಜೇಸನ್ ಅವನಿಗೆ ಎಷ್ಟು ಸಲ ಜರ್ಮನ್ನಿನಲ್ಲಿ ಓದಿ ಹೇಳಿದ್ದನೋ. ಹೇಳಬೇಕಿತ್ತು ನಾನು. ಕಂಬದ ಕಡೆ ತಿರುಗಿ, ಮುಖ ನೋಡಿ. ಬಾಯಿ ತೆರೆದೆ. ಅಷ್ಟರಲ್ಲಿ ಅವನ ಮಾತು ನೆನಪಾಯಿತು — ನೀನು ಇಲ್ಲ ಅಂದ್ರೆ ಮಾತ್ರ ನಾನಿನ್ನೂ ಇದ್ದೇನೆ.

‘ಆಫ್‌ಸೈಡ್!’ ಅಂತ ಕೂಗಿದೆ. ಗಂಟಲು ಹರಿಯುವ ಹಾಗೆ. ‘ಆಫ್‌ಸೈಡ್ ಅದು!’

ನಾಲ್ಕು ಮೀಟರ್ ಆನ್‌ಸೈಡ್‌ನಲ್ಲೇ ಇದ್ದ ಬ್ರುನ್ನರ್. ಕುರುಡನಿಗೂ ಕಾಣುತ್ತಿತ್ತು. ಹಿಂದಿನವರು ನಕ್ಕರು. ಲೋಥರ್ ನಗಲಿಲ್ಲ. ಟೋಪಿ ತೆಗೆದು, ಮೈದಾನದ ಕಡೆ ಮುಷ್ಟಿ ಮಾಡಿ, ನನ್ನ ಜೊತೆ ಅವನೂ ಕೂಗಿದ, ಆಫ್‌ಸೈಡ್, ಆಫ್‌ಸೈಡ್ ಅಂತ. ಮುದುಕನ ಕಣ್ಣಲ್ಲಿ ನೀರು.

ಈಗ ಮನೆ. ಸ್ಕಾರ್ಫ್ ಕುರ್ಚಿಯ ಮೇಲಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಲ್ಲಿ ಹೇಳಲಿಲ್ಲ. ಇಲ್ಲಿ ಯಾರೂ ಓದುವುದಿಲ್ಲ. ಒಂದೇ ಸಲ ಬರೆಯುತ್ತೇನೆ. ಈ ಸಲ ಪಾಪ ಅಂತ ಅಲ್ಲ ಮಾರಾಯ, ನಿಜವಾಗಿ. ಜೇಸನ್ ಹೇಳಿದ್ದೇ...